ನಮ್ಮವ್ವ ನೋಡಿದ ಮೊದಲನೇ ಸೀರಿಯಲ್ಲು

ಹೋದ ಶುಕ್ರವಾರ ನಮ್ಮ ಓಣಿಯೊಳಗ ಅರಿಷಿಣ ಕುಂಕುಮಕ್ಕ ಹೋಗಿದ್ದೆ. ಮಾತು ಬೆಳ್ಳಿ ರೇಟಿನಿಂದ ಶುರುವಾಗಿ, ಮೊಣಕಾಲು ನೋವಿಗೆ ಬಂದು, ಕಡೀಕೆ ಯಾವಾಗ್ಲೂ ಬರೂ ಹಂಗ ಸೀರಿಯಲ್ಲಿಗೆ ಬಂದು ನಿಂತ್ತು. "ನನ್ನ ಸೊಸಿ ಮದುವಿ ಆಗಿ ಬಂದಾಗ ಆ ಸೀರಿಯಲ್ಲಿನಾಕಿ ಬಸುರಿ ಇದ್ಲು ನೋಡ್ರಿ. ನನ್ನ ಮೊಮ್ಮಗ ಸಾಲಿಗೆ ಹೊಂಟ, ಆಕಿ ಇನ್ನೂ ಹಡದಿಲ್ಲ!" ಅಂದ್ರು ಮೂಲಿಮನಿ ಕಾಕು. ಎಲ್ಲಾರೂ ನಕ್ಕಿದ್ದ ನಕ್ಕಿದ್ದು. ಆಮ್ಯಾಲೆ ಒಬ್ಬ ಹುಡುಗಿ ನನ್ನ ಕೇಳಿದ್ಲು, "ಮಾವಶಿ, ನಿಮ್ಮ ಕಾಲಕ್ಕ ಮೊದಲನೇ ಸೀರಿಯಲ್ಲು ಯಾವುದು?" ಅಂತ. ರಾಮಾಯಣ ಅಂತ ನಾಕು ಮಂದಿ ಒಮ್ಮೆಲೇ ಅಂದ್ರು. ಅಲ್ಲ. ರಾಮಾಯಣ ಬಂದಿದ್ದು 1987ಕ್ಕ. ಅದಕ್ಕಿಂತ ಎರಡೂವರಿ ವರ್ಷ ಮೊದಲ ಒಂದು ಬಂದಿತ್ತು, 'ಹಮ್ ಲೋಗ್' ಅಂತ. ನಮ್ಮ ದೇಶದ ಮೊದಲನೇ ಉದ್ದನ್ನ ಧಾರಾವಾಹಿ ಅದು. ಮನಿಗೆ ಬಂದ ಮ್ಯಾಲೂ ಅದ ತಲಿಯೊಳಗ ಸುತ್ತಲಿಕ್ಕೆ ಹತ್ತಿತು. ಅದಕ್ಕ ಇವತ್ತು ಅದರ ಕಥಿ ಹೇಳ್ತೀನಿ. ಅದರಾಗ ಪಾರ್ಟು ಮಾಡಿದವರ ನೆನಪು ಅವ, ಅದರ ಸಂಗಾಟ ನಮ್ಮವ್ವಂದೂ ಒಂದು ಸ್ವಲ್ಪ ಅದ.

ಮೊದಲ ಇದು ಹೆಂಗ ಹುಟ್ಟಿತು ಅನ್ನೂದು ಕೇಳ್ರಿ. ಇದರ ತವರುಮನಿ ಮೆಕ್ಸಿಕೋ ಅಂದ್ರ ನಂಬ್ತೀರೇನು? ಅಲ್ಲೆ ಮಿಗೆಲ್ ಸಬೀದೋ ಅನ್ನೋರು 1975ರ ಸುಮಾರಿಗೆ ಒಂದು ಹೊಸಾ ನಮೂನಿ ಧಾರಾವಾಹಿ ಮಾಡಲಿಕ್ಕೆ ಶುರು ಮಾಡಿದ್ರು. ಅಳೂದು, ನಗೂದು, ಪ್ರೀತಿ, ಜಗಳ ಎಲ್ಲಾ ಇರ್ತಿತ್ತು, ಆದ್ರ ನಡುವ ಒಂದು ಬುದ್ಧಿಮಾತನ್ನೂ ಸೇರಿಸ್ತಿದ್ರು. ಒಂದರಾಗ ದೊಡ್ಡವರು ಓದು ಬರಹ ಕಲೀಬೇಕು ಅನ್ನೂದಿತ್ತು, ಇನ್ನೊಂದರಾಗ ಸಣ್ಣ ಕುಟುಂಬದ ಮಾತಿತ್ತು. ಹುಡುಗರಿಗೆ ಕಷಾಯ ಕುಡಸೂ ಮುಂದ ಬೆಲ್ಲಾ ಹಾಕ್ತೀವಲ್ಲ, ಹಂಗ. 1982ರಾಗ ನಮ್ಮ ಕೇಂದ್ರದ ಮಂತ್ರಿ ವಸಂತ ಸಾಠೆ ಅವರು ಮೆಕ್ಸಿಕೋಕ್ಕ ಹೋದಾಗ ಈ ಸುದ್ದಿ ತಿಳಕೊಂಡು ಬಂದ್ರು. ನಮ್ಮಲ್ಲೂ ಯಾಕ ಮಾಡಬಾರದು ಅಂತ ಮಾತು ಹೊಂಟಿತು. ಮನೋಹರ ಶ್ಯಾಮ ಜೋಶಿ ಅನ್ನೋ ಹಿಂದಿ ಲೇಖಕರು ಬರಿಯೂದು, ಪಿ. ಕುಮಾರ್ ವಾಸುದೇವ್ ನಿರ್ದೇಶನ ಮಾಡೂದು ಅಂತ ಆತು. 1984ರ ಜುಲೈ 7ಕ್ಕ ಶುರುವಾಗಿ 1985ರ ಡಿಸೆಂಬರ್ 17ಕ್ಕ ಮುಗೀತು. ಹದಿನೇಳು ತಿಂಗಳದಾಗ 150ಕ್ಕಿಂತ ಹೆಚ್ಚು ಕಂತು, ಅಂದ್ರ ಹೆಚ್ಚುಕಡಿಮಿ ವಾರಕ್ಕ ಎರಡು. ಈಗಿನ ಸೀರಿಯಲ್ಲಿನ ಮುಂದ ಅದೇನು ಉದ್ದ ಅಲ್ಲ ಬಿಡ್ರಿ. ಆದ್ರ ಅವಾಗ ದೇಶದಾಗ ಇದ್ದದ್ದ ಒಂದು ದೂರದರ್ಶನ. ಜನಾ ಅಷ್ಟು ಉದ್ದದ ಕಥಿ ಟಿವಿಯೊಳಗ ನೋಡೇ ಇದ್ದಿಲ್ಲ.

ಅದ 1984ರಾಗ ಸರಕಾರದವರು ಊರೂರಿಗೆ ಟಿವಿ ಟವರ್ ನಿಲ್ಲಿಸಿದ್ರು. ಕೆಲವು ತಿಂಗಳಂತೂ ಹೆಚ್ಚುಕಡಿಮಿ ದಿನಕ್ಕೊಂದು ಊರಾಗ ಹೊಸಾ ಟವರ್ ಏಳ್ತಿತ್ತಂತ. ಹಿಂಗಾಗಿ ಟಿವಿ ಅನ್ನೂದು ದೊಡ್ಡ ಪಟ್ಟಣದವರ ಸೊತ್ತಾಗಿದ್ದದ್ದು ನಮ್ಮಂಥವರ ಓಣಿಗೂ ಬಂತು. ನಮ್ಮ ಓಣಿಗೆ ಅಂದ್ರ ವಕೀಲರ ಮನಿಗೆ ಬಂತು! ನಮ್ಮನ್ಯಾಗ ಟಿವಿ ಬರೂದು ಇನ್ನೂ ಭಾಳ ದೂರ ಇತ್ತು.

ನಾ ಅವಾಗ ಒಂಬತ್ತನೇತ್ತಾ. ವಕೀಲರ ಮನಿ ಪಡಸಾಲಿಯೊಳಗ ಒಂದು ಕಟಗಿ ಪೆಟ್ಟಿಗಿ, ಅದಕ್ಕ ಎರಡು ಕಡೆ ಬಾಗ್ಲ, ಬಾಗ್ಲಕ್ಕ ಕೀಲಿ. ವಕೀಲರ ಮನಿ ಕಾಕು ಕೀಲಿ ತಗದ್ರು ಅಂದ್ರ ಗುಡಿ ಬಾಗ್ಲ ತಗದಂಗ. ಹುಡುಗರು ಎಲ್ಲಾ ಮುಂದ ನೆಲದ ಮ್ಯಾಲೆ, ಹೆಂಗಸ್ರು ಗ್ವಾಡಿಗೆ ಆತುಕೊಂಡು, ಗಂಡಸ್ರು ಕುರ್ಚಿಯೊಳಗ. ನಮ್ಮವ್ವ ಮಾತ್ರ ಬಾಗ್ಲದ ಹೊಸ್ತಿಲದ ಹತ್ರ, ಒಂದು ಕಾಲು ಒಳಗ ಒಂದು ಕಾಲು ಹೊರಗ ಅನ್ನೂ ಹಂಗ ಕೂಡ್ತಿದ್ಲು. ಯಾಕಂದ್ರ ಅಲ್ಲಿಂದ ನಮ್ಮನಿ ಗೇಟು ಕಾಣ್ತಿತ್ತು. ಅಪ್ಪನ ಸೈಕಲ್ಲು ಬಂತು ಅಂದ್ರ ಎದ್ದು ಓಡಬೇಕು. ಅಪ್ಪಗ ಊಟಕ್ಕ ಬಿಸಿ ಭಕ್ರೀನ ಆಗಬೇಕು, ಮಾಡಿಟ್ಟಿದ್ದು ನಡೀತಿದ್ದಿಲ್ಲ.

ನಮಗ ಯಾರಿಗೂ ಹಿಂದಿ ಸರಿಯಾಗಿ ತಿಳೀತಿದ್ದಿಲ್ಲ. ವಕೀಲರ ಸೊಸಿ ನಾಗಪುರದಾಕಿ. ಆ ವೈನಿ ಸಣ್ಣ ಧ್ವನಿಯೊಳಗ ಕನ್ನಡಕ್ಕ ಹೇಳ್ತಾ ಹೋಗೋರು. ಒಂದೊಂದು ಸಲ ಭಾಳ ಹೊತ್ತಿನ ಮಾತು ಆದ ಮ್ಯಾಲೆ ವೈನಿ "ಆಕಿ ಬ್ಯಾಡಂದ್ಲು" ಅಂತ ಇಷ್ಟ ಹೇಳೋರು. ನಮ್ಮ ಕಾಕು, "ಅಷ್ಟ ಅನ್ನಲಿಕ್ಕೆ ಇಷ್ಟೊತ್ತು ಬೇಕಾತೇನವಾ?" ಅನ್ನೋರು.

ಕಥಿ ಒಂದು ಮನಿದು. ಕೆಳಮಧ್ಯಮ ವರ್ಗದ ಮನಿ. ಮಿಲಿಟ್ರಿಯಿಂದ ನಿವೃತ್ತಿ ಆದ ಅಜ್ಜ, ಬಾಯಿ ಜೋರಿನ ಅಜ್ಜಿ, ಕುಡಕ ಮಗ ಬಸೇಸರ ರಾಮ್, ಅವನ ಹೆಂಡ್ತಿ ಭಗವಂತಿ, ಅವರಿಗೆ ಐದು ಮಕ್ಕಳು. ದೊಡ್ಡ ಮಗ ಲಲ್ಲೂ ಕೆಲಸಕ್ಕ ತಿರಗೂದು. ಬಡ್ಕೀ ಅಂದ್ರ ದೊಡ್ಡಾಕಿ, ಮದುವಿ ಆಗವಲ್ತು. ಮಝ್ಲೀ ಅಂದ್ರ ನಡುವಿನಾಕಿ, ಸಿನಿಮಾದ ಹುಚ್ಚು. ನನ್ಹೇಗ ಕ್ರಿಕೆಟ್ಟು. ಛುಟ್ಕೀ ಎಲ್ಲಾರಕಿಂತ ಸಣ್ಣಾಕಿ, ಡಾಕ್ಟರ್ ಆಗಬೇಕು ಅನ್ನಾಕಿ. ನಾ ಯಾವಾಗ್ಲೂ ಛುಟ್ಕೀ ಕಡಿ. ನಂಗೂ ಬಿಳೇ ಕೋಟು ಹಾಕ್ಕೊಬೇಕು ಅಂತ ಇತ್ತು ಅನ್ರಿ.

ಮೊದಲಿನ ಒಂದು ಹದಿಮೂರು ಕಂತು ಜನಕ್ಕ ಅಷ್ಟು ಹಿಡಸಲಿಲ್ಲ. ಕುಟುಂಬ ಯೋಜನಾದ ಉಪದೇಶ ಜಾಸ್ತಿ ಆತು ಅಂತ ದೂರು ಬಂದ್ವು. ಬೆಲ್ಲಾ ಕಡಿಮಿ, ಕಷಾಯ ಜಾಸ್ತಿ! ಆಮ್ಯಾಲೆ ಬರಿಯೋರು ಹದಾ ತಿದ್ದಿದ್ರು. ಮನಿಮಾತು, ಮದುವಿ ಮಾತು, ಅತ್ತಿ ಸೊಸಿ ಮಾತು ಮುಂದ ತಂದ್ರು. ಅಲ್ಲಿಂದ ಹಿಡದ ಗಾಡಿ ನಿಲ್ಲಲೇ ಇಲ್ಲ. ನಡುವ ನಡುವ ಎರಡು ನಿಮಿಷದ ಮ್ಯಾಗಿ ಜಾಹೀರಾತು ಬರ್ತಿತ್ತು, ಸೀರಿಯಲ್ಲಿನ ಪ್ರಾಯೋಜಕರು ಅವರ. ಅದನ್ನ ನೋಡಿ ನಮ್ಮ ಓಣಿ ಅಜ್ಜಿ ಒಬ್ಬಾಕಿ, "ಎರಡು ನಿಮಿಷದಾಗ ಆದದ್ದು ಹೊಟ್ಟ್ಯಾಗ ಎಷ್ಟೊತ್ತು ನಿಲ್ತದ?" ಅಂದಿದ್ಲು.

ಈಗ ಪಾರ್ಟು ಮಾಡಿದವರ ಮಾತಿಗೆ ಬರ್ತೀನಿ. ಇವರೆಲ್ಲಾ ಸಿನಿಮಾದ ತಾರೆಯರಲ್ಲ. ಹೆಚ್ಚಿನವರು ದೆಹಲಿಯ ನಾಟಕದ ಮಂದಿ. ಚಿತ್ರೀಕರಣ ದೆಹಲಿ ಹತ್ರದ ಗುರಗಾಂವದಾಗ ಆಗ್ತಿತ್ತು. ಅವಾಗಿನ ಗುರಗಾಂವ ಅಂದ್ರ ಈಗಿನ ಹಂಗ ಗಾಜಿನ ಕಟ್ಟಡದ ಊರಲ್ಲ. ಟಿವಿಯೊಳಗ ಇಷ್ಟು ದಿನಾ ಪಾರ್ಟು ಮಾಡಿದ್ರ ಏನಾಗ್ತದ ಅಂತ ಅವರಿಗೂ ಗೊತ್ತಿದ್ದಿಲ್ಲ, ಯಾಕಂದ್ರ ಅವರಕಿಂತ ಮೊದಲ ಯಾರೂ ಮಾಡಿದ್ದಿಲ್ಲ. ಅವರು ನೆನಪು ಮಾಡಿಕೊಂಡು ಹೇಳಿದ್ದನ್ನ ಓದಿದ್ರ, ಕೇಳಿದ್ರ, ಮತ್ತ ಮತ್ತ ಬರೂ ಮಾತು ಒಂದ: ಜನಾ ನಮ್ಮನ್ನ ನಟರು ಅಂತ ತಿಳೀಲೇ ಇಲ್ಲ, ತಮ್ಮನಿ ಮಂದಿ ಅಂತ ತಿಳಕೊಂಡ್ರು.

ದಾದಿ ಪಾರ್ಟು ಮಾಡಿದವರು ಸುಷ್ಮಾ ಸೇಠ್. ದೆಹಲಿಯ 'ಯಾತ್ರಿಕ್' ನಾಟಕ ತಂಡ ಕಟ್ಟಿದವರೊಳಗ ಒಬ್ಬರು. ಅವರು ಹುಟ್ಟಿದ್ದು 1936ಕ್ಕ, ಅಂದ್ರ ಸೀರಿಯಲ್ಲು ಶುರುವಾದಾಗ ಅವರಿಗೆ ನಾಲ್ವತ್ತೆಂಟು. ನನಗಿಂತ ಸಣ್ಣವರು ನೋಡ್ರಿ, ಐದು ಮೊಮ್ಮಕ್ಕಳ ಅಜ್ಜಿ ಆಗಿ ಕೂತಿದ್ರು! ಇನ್ನೂ ಒಂದು ಮಜಾ ಅಂದ್ರ, ಮಝ್ಲೀ ಪಾರ್ಟು ಮಾಡಿದ ದಿವ್ಯಾ ಸೇಠ್ ಅವರ ಖರೇ ಖರೇ ಮಗಳು. ಮನ್ಯಾಗ ತಾಯಿ ಮಗಳು, ಟಿವಿಯೊಳಗ ಅಜ್ಜಿ ಮೊಮ್ಮಗಳು.

ಕಥಿಯೊಳಗ ದಾದಿಗೆ ಗಂಟಲದ ಕ್ಯಾನ್ಸರ್ ಆಗ್ತದ, ಆಕಿ ಸಾಯಬೇಕು ಅಂತ ಬರದಿದ್ರು. ಸುದ್ದಿ ತಿಳೀತೋ ಇಲ್ಲೋ, ಪತ್ರದ ಮ್ಯಾಲೆ ಪತ್ರ. ದಾದೀನ ಕೊಲ್ಲಬ್ಯಾಡ್ರಿ ಅಂತ. ಕಡೀಕೆ ಬರಿಯೋರು ಮಣೀಲೇಬೇಕಾತು. ದಾದಿ ಆಯುಷ್ಯ ಕಂತಿಂದ ಕಂತಿಗೆ ಬೆಳೀತು. ಯಮರಾಯನ್ನ ಅಂಚೆ ಇಲಾಖೆಯವರು ತಡದು ನಿಲ್ಲಿಸಿದ್ರು ಅಂದ್ರೂ ನಡೀತದ. ನಮ್ಮ ಓಣಿಯೊಳಗೂ ಒಬ್ಬರು ದಾದಿ ಸಲುವಾಗಿ ಹರಕಿ ಹೊತ್ತಿದ್ರು. ಯಾರು ಅಂತ ಹೇಳಂಗಿಲ್ಲ, ಅವರು ಇದನ್ನ ಓದ್ತಾರ.

ಬಡ್ಕೀ ಪಾರ್ಟು ಸೀಮಾ ಭಾರ್ಗವ ಅನ್ನೂ ಹುಡುಗಿದು. ಈಗ ನಿಮಗ ಸೀಮಾ ಪಾಹ್ವಾ ಅಂದ್ರ ಗೊತ್ತಾಗ್ತದ, 'ಬರೇಲಿ ಕೀ ಬರ್ಫಿ' ಸಿನಿಮಾದಾಗ ತಾಯಿ ಆಗ್ಯಾರಲ್ಲ, ಅವರ. ಅವಾಗ ಇಪ್ಪತ್ತೆರಡರ ಆಸುಪಾಸು, ದೆಹಲಿಯ 'ಸಂಭವ್' ತಂಡದಾಗ ನಾಟಕ ಮಾಡ್ತಿದ್ರು. ಅದ ಸೀರಿಯಲ್ಲಿನಾಗ ಟೋನಿ ಅಂತ ಸಣ್ಣ ಪಾರ್ಟು ಮಾಡಿದ ಮನೋಜ್ ಪಾಹ್ವಾ ಅವರನ್ನ ಮುಂದ ಮದುವಿ ಆದ್ರು. ಟಿವಿಯೊಳಗ ಬಡ್ಕೀಗ ಡಾಕ್ಟರ್ ಅಶ್ವಿನಿ ಜೋಡಿ ಮದುವಿ ಆತು. ಆ ಮದುವಿ ಕಂತು ಬಂದ ದಿನಾ ಉತ್ತರದ ಕಡೆ ಅಂಗಡಿ ಬಜಾರ ಲಗೂನ ಮುಚ್ಚಿದ್ವು. ಮದುಮಕ್ಕಳಿಗೆ ಶುಭಾಶಯದ ಪತ್ರ, ತಂತಿ ಬಂದ್ವು. ಖರೇ ಮದುವಿಗೂ ಅಷ್ಟು ಬರ್ತಾವೋ ಇಲ್ಲೋ! ಎಲ್ಲಿ ಹೋದ್ರೂ ಅವರನ್ನ ಮಂದಿ ಬಡ್ಕೀ ಅಂತನ ಕರೀತಿದ್ರು, ಸ್ವಂತ ಹೆಸರ ಹೋಗಿಬಿಡ್ತು. ಹೆಣ್ಣುಮಕ್ಕಳಾದ ನಮಗ ಅದೇನು ಹೊಸಾದಲ್ಲ ಬಿಡ್ರಿ. ನಾನೂ ಮದುವಿ ಆದ ಮ್ಯಾಲೆ 'ಮಾಸ್ತರ ಹೆಂಡ್ತಿ', ಆಮ್ಯಾಲೆ 'ವಿನ್ಯಾನ ಅವ್ವ'.

ಅಶೋಕ್ ಕುಮಾರ್ ಒಬ್ಬರು ಮಾತ್ರ ದೊಡ್ಡ ಸಿನಿಮಾ ನಟರು. ಪ್ರತಿ ಕಂತಿನ ಕಡೀಕೆ ಬಂದು, ಇವತ್ತು ಏನಾತು, ಯಾರು ಸರಿ, ಯಾರು ತಪ್ಪು, ನೀವೇ ವಿಚಾರ ಮಾಡ್ರಿ ಅನ್ನೂ ಹಂಗ ನಗನಗತಾ ಪದ್ಯ ಕಟ್ಟಿ ಹೇಳೋರು. ಎಪ್ಪತ್ತು ದಾಟಿತ್ತು ಅವರಿಗೆ. ಮುಂದ ಮುಂದ 'ಹಮ್ ಲೋಗ್' ಅನ್ನೂ ಮಾತನ್ನ ಬ್ಯಾರೆ ಬ್ಯಾರೆ ಭಾಷಾದಾಗ ಹೇಳಿ ಮುಗಸ್ತಿದ್ರು. ಸೀರಿಯಲ್ಲಿಗೆ ಬಂದ ಪತ್ರ ಒಟ್ಟು ಸುಮಾರು 4 ಲಕ್ಷ ಅಂತ ಲೆಕ್ಕ. ಎಷ್ಟೋ ಹುಡುಗ ಹುಡುಗಿಯರು, ನಾವು ಮೆಚ್ಚಿದವರ ಜೋಡಿ ಮದುವಿಗೆ ನಮ್ಮ ತಂದಿ ತಾಯೀನ ನೀವು ಒಪ್ಪಸ್ರಿ ಅಂತ ಅಶೋಕ್ ಕುಮಾರ್ ಅವರಿಗೆ ಬರೀತಿದ್ರಂತ. ಮನ್ಯಾಗ ಹೇಳಲಿಕ್ಕೆ ಆಗದ ಮಾತು ಟಿವಿಯೊಳಗಿನ ಮುತ್ಯಾಗ ಹೇಳೂದು!

ಇನ್ನ ಭಗವಂತಿ. ಈ ಪಾರ್ಟು ಮಾಡಿದವರು ಜಯಶ್ರೀ ಅರೋರಾ. ಗಂಡ ಕುಡದು ಬಂದು ಬೈತಾನ, ಅತ್ತಿ ಅಂತಾಳ, ಮಕ್ಕಳು ತಮ್ಮ ತಮ್ಮ ಚಿಂತಿಯೊಳಗ. ಭಗವಂತಿ ಎದುರು ಮಾತಾಡಂಗಿಲ್ಲ. ಅಡಿಗಿಮನಿ, ಸೆರಗು, ಕಣ್ಣೀರು, ಮತ್ತ ಅಡಿಗಿಮನಿ. ಕುಡಕ ಬಸೇಸರ ರಾಮ್ ಆಗಿದ್ದ ವಿನೋದ್ ನಾಗಪಾಲ್ ಎಷ್ಟು ಛಲೋ ಮಾಡಿದ್ರು ಅಂದ್ರ, ನಮ್ಮ ಓಣಿ ಹೆಂಗಸ್ರು ಅವರು ಪಡದೆ ಮ್ಯಾಲೆ ಬಂದ ಕೂಡ್ಲೆ "ಬಂದ ನೋಡು ಮುಳ್ಳು" ಅಂತಿದ್ರು.

ಈಗ ನಾ ಹೇಳೂದು ಲಕ್ಷ್ಯ ಕೊಟ್ಟು ಕೇಳ್ರಿ. ಸೀರಿಯಲ್ಲು ಮಾಡಿದವರ ಉದ್ದೇಶದಾಗ ಭಗವಂತಿ ಒಂದು ಎಚ್ಚರಿಕಿ. ಹೆಣ್ಣುಮಕ್ಕಳು ಹಿಂಗ ಎಲ್ಲಾ ನುಂಗಿಕೊಂಡು ಇದ್ರ ಏನಾಗ್ತದ ನೋಡ್ರಿ, ಹಿಂಗ ಇರಬ್ಯಾಡ್ರಿ ಅಂತ ತೋರಸಲಿಕ್ಕೆ ಮಾಡಿದ ಪಾತ್ರ. ಮುಂದ ಅರವಿಂದ ಸಿಂಘಲ್, ಎವರೆಟ್ ರೋಜರ್ಸ್ ಅಂತ ಇಬ್ಬರು ವಿದ್ವಾಂಸರು ಈ ಸೀರಿಯಲ್ಲು ನೋಡಿದ ಸಾವಿರಕ್ಕಿಂತ ಹೆಚ್ಚು ಮಂದೀನ ಕೇಳಿ, ಬಂದ ಪತ್ರಗಳೊಳಗ ಕೆಲವನ್ನ ಓದಿ ಅಭ್ಯಾಸ ಮಾಡಿದ್ರು. ಏನು ಕಂಡಿತು ಗೊತ್ತೇನು? ಎಷ್ಟೋ ಮಂದಿ, ಅದರಾಗ ಹೆಣ್ಣುಮಕ್ಕಳೂ, ಭಗವಂತೀನ ಆದರ್ಶ ಅಂತ ತಿಳಕೊಂಡಿದ್ರು. ಹೆಂಗಸು ಅಂದ್ರ ಹಿಂಗಿರಬೇಕು ಅಂತ. ಕಷಾಯ ಕುಡಸಲಿಕ್ಕೆ ಹೋದ್ರ ಮಂದಿ ಬೆಲ್ಲಾ ಅಷ್ಟ ನೆಕ್ಕಿ ವಾಟಗಾ ಇಟ್ಟುಬಿಟ್ಟಿದ್ರು.

ನನ್ನ ಮಗಳು ಇದನ್ನ ಓದಿ ನನಗ ಹೇಳಿದಾಗ ಆಕಿ ನಕ್ಕಳು. ನನಗ ನಗು ಬರಲಿಲ್ಲ. ಯಾಕಂದ್ರ ನಮ್ಮವ್ವ ಆ ಹೊಸ್ತಿಲದಾಗ ಕೂತು ಅನ್ನೂ ಮಾತು ನನ್ನ ಕಿವಿಯೊಳಗ ಈಗೂ ಅದ. "ಭಾಳ ಛಲೋ ಹೆಣ್ಣುಮಗಳು ಪಾಪ, ಒಂದ ಮಾತು ಎದುರಾಡಂಗಿಲ್ಲ." ಅವ್ವ ಅದನ್ನ ಹೊಗಳಿಕಿ ಅಂತ ಅಂತಿದ್ಲು. ನಮ್ಮಪ್ಪ ಕುಡೀತಿದ್ದಿಲ್ಲ, ಬಡೀತಿದ್ದಿಲ್ಲ. ಆದ್ರ ಮನ್ಯಾಗ ಅಪ್ಪನ ಮಾತಿನ ಮ್ಯಾಲೆ ಮಾತಿದ್ದಿಲ್ಲ.

1988ಕ್ಕ ನಂದು ಪಿಯುಸಿ ಮುಗೀತು. ಸೈನ್ಸು. ಡಾಕ್ಟರ್ ಆಗೂ ಅಷ್ಟು ಮಾರ್ಕ್ಸ್ ಇದ್ದಿಲ್ಲ, ಖರೇ ಹೇಳಬೇಕು. ಆದ್ರ ಬಿ.ಎಸ್ಸಿಗೆ ಸಾಕಾಗಿತ್ತು. ಫಾರ್ಮ್ ತಂದು ಅಟ್ಟದ ಮ್ಯಾಲಿನ ಟ್ರಂಕಿನಾಗ ಇಟ್ಟಿದ್ದೆ. ಅಷ್ಟರಾಗ ಒಂದು ಸಂಬಂಧ ಬಂತು. ಹುಡುಗ ಮಾಸ್ತರ, ಮನಿತನ ಛಲೋ. ಒಂದು ರಾತ್ರಿ ಅಪ್ಪ ಊಟಕ್ಕ ಕೂತಾಗ ಅವ್ವ ಭಕ್ರಿ ತಟ್ಟೂದು ನಿಲ್ಲಿಸಿ ಅಂದ್ಲು, "ಆ ಛುಟ್ಕೀ ಹಂಗ ಇಕೀನೂ ಒಂದೆರಡು ವರ್ಷ ಓದ್ಲಿ ಅಂದ್ರ..." ಇಷ್ಟ. ಮಾತು ಪೂರಾ ಆಗಲಿಲ್ಲ. ಅಪ್ಪ ತಲಿ ಎತ್ತದ, "ಟಿವಿ ನೋಡಿ ತಲಿ ಕೆಟ್ಟದ" ಅಂದ. ಅವ್ವ ಮತ್ತ ಭಕ್ರಿ ತಟ್ಟಲಿಕ್ಕೆ ಹತ್ತಿದ್ಲು. ಆ ಚೈತ್ರದಾಗ ನನ್ನ ಮದುವಿ ಆತು.

ನನ್ನ ಗಂಡ ಒಳ್ಳೇವರು, ಸಂಸಾರ ಛಲೋ ಆಗ್ಯದ, ಅದನ್ನೂ ಹೇಳಬೇಕು. ಆದ್ರ ಎಷ್ಟೋ ವರ್ಷ ನನಗ ಅವ್ವನ ಮ್ಯಾಲೆ ಒಳಗೊಳಗ ಸಿಟ್ಟಿತ್ತು. ಇನ್ನೊಂದು ಮಾತು ಅನ್ನಲಿಲ್ಲಲ್ಲ, ಭಗವಂತಿ ಆಗೇ ಉಳದ್ಲಲ್ಲ ಅಂತ. ತವರಿಗೆ ಹೋದಾಗ ಆಕಿ ಸುಮ್ನ ಬಡಸೂದು ನೋಡಿದ್ರ ಸಿಟ್ಟು ಬರ್ತಿತ್ತು. ಹೇಳಿದ್ದಿಲ್ಲ ಯಾವತ್ತೂ.

ಆ ನಟರ ಮುಂದಿನ ಕಥಿ ಓದಿದಾಗ ನನಗ ಸಮಾಧಾನ ಆಗೂದು ಸೀಮಾ ಪಾಹ್ವಾ ಅವರದು. 'ಹಮ್ ಲೋಗ್' ದೇಶಕ್ಕೆಲ್ಲಾ ಗೊತ್ತು ಮಾಡಿತು, ಆದ್ರ ಅದರಿಂದ ಹಾದಿ ಸಲೀಸಾಗಲಿಲ್ಲ. ಮುಂಬೈಗೆ ಹೋದ್ರು, ಮಕ್ಕಳನ್ನ ಬೆಳಸಿದ್ರು, ಸಣ್ಣ ಪುಟ್ಟ ಪಾರ್ಟು ಮಾಡಿದ್ರು. ಎಷ್ಟೋ ವರ್ಷಕ್ಕ, 2014ರಾಗ 'ಆಂಖೋಂ ದೇಖೀ' ಬಂದಾಗ ಮಂದಿ ಹೊಸದಾಗಿ ಅವರನ್ನ ನೋಡಿದ್ರು. 2021ರಾಗ ತಾವ ಬರದು ನಿರ್ದೇಶನ ಮಾಡಿದ 'ರಾಮ್‌ಪ್ರಸಾದ್ ಕೀ ತೇರ್ಹವೀ' ತೆರಿಗೆ ಬಂತು. ಅದೂ ಒಂದು ತುಂಬಿದ ಮನಿ ಕಥಿನ. ಅಷ್ಟೊತ್ತಿಗೆ ಅರವತ್ತು ಹತ್ರ ಬಂದಿತ್ತು ಅವರಿಗೆ. ಬರದವರು ಮನೋಹರ ಶ್ಯಾಮ ಜೋಶಿ ಅವರೂ ಮುಂದ 'ಬುನಿಯಾದ್' ಬರದು ಇನ್ನೂ ದೊಡ್ಡ ಹೆಸರಾದ್ರು, 2006ಕ್ಕ ತೀರಿಕೊಂಡ್ರು. 'ಭಾಭೀಜಿ ಘರ್ ಪರ್ ಹೈಂ' ನೋಡೋರು ಇದ್ರ ಕೇಳ್ರಿ, ಅದರಾಗಿನ ವಿಭೂತಿ ಅಂದ್ರ ಆಸಿಫ್ ಶೇಖ್, ಅವರೂ ಶುರು ಮಾಡಿದ್ದು 'ಹಮ್ ಲೋಗ್'ದಾಗ. ಮುಂದ ಬಂದ ಮನಿಮಂದಿ ಸೀರಿಯಲ್ಲಿಗೆಲ್ಲಾ ಮೊದಲನೇ ಮೆಟ್ಟಲಾ ಅದ ಅಂತ ನನಗನಸ್ತದ.

ಹೋದ ವರ್ಷ ಅವ್ವ ನಮ್ಮನಿಗೆ ಬಂದು ಒಂದು ತಿಂಗಳು ಇದ್ಲು. ಎಂಬತ್ತರ ಹತ್ರ ಆಕಿಗೆ. ಅಪ್ಪ ಹೋಗಿ ಒಂಬತ್ತು ವರ್ಷ ಆತು. ಒಂದು ಮಧ್ಯಾಹ್ನ ಮಗಳು ಮೊಬೈಲಿನಾಗ 'ಹಮ್ ಲೋಗ್'ದ ಒಂದು ಹಳೇ ತುಣುಕು ಹಚ್ಚಿ ಕೊಟ್ಲು. ಅವ್ವ ಚಷ್ಮಾ ಹಾಕ್ಕೊಂಡು ಮೊಬೈಲು ದೂರ ಹಿಡದು ನೋಡಿದ್ಲು. "ಇಕಿ ಭಗವಂತಿ ಅಲ್ಲೇನವಾ?" ಅಂದೆ ನಾ. "ಇರಬೇಕು" ಅಂದ್ಲು. ನೆನಪಿದ್ದಿಲ್ಲ ಆಕಿಗೆ! ಇಷ್ಟು ವರ್ಷ ನಾ ಯಾವುದನ್ನ ಎದ್ಯಾಗ ಇಟ್ಟುಕೊಂಡು ಕೂತಿದ್ದೆನೋ ಅದು ಆಕಿಗೆ ನೆನಪ ಇಲ್ಲ.

ಸ್ವಲ್ಪ ಹೊತ್ತಾದ ಮ್ಯಾಲೆ ತಾನ ಅಂದ್ಲು. "ಆ ದೊಡ್ಡ ಹುಡುಗಿ ಮದುವಿ ಇತ್ತು ನೋಡು, ಅವತ್ತು ನಾ ಏಳಲಿಲ್ಲ."

ನನಗ ತಿಳೀಲಿಲ್ಲ. ಆಮ್ಯಾಲೆ ಬಿಡಿಸಿ ಹೇಳಿದ್ಲು. ಬಡ್ಕೀ ಮದುವಿ ದಿನಾ ಅಪ್ಪನ ಸೈಕಲ್ಲು ಬಂತು. ಗೇಟು ತಗದ ಸಪ್ಪಳಾ ಕೇಳಿಸ್ತು. ವಕೀಲರ ಮನಿ ಕಾಕು ಸೈತ ಆಕಿ ಮಾರಿ ನೋಡಿದ್ರಂತ. ಅವ್ವ ಏಳಲಿಲ್ಲ. ಮಾಲಿ ಹಾಕೂ ತನಕಾ ಕೂತು, ಅಶೋಕ್ ಕುಮಾರ್ ಬಂದು ಮಾತು ಮುಗಸೂ ತನಕಾ ಕೂತು, ಆಮ್ಯಾಲೆ ಮನಿಗೆ ಹೋದ್ಲಂತ. ಅಪ್ಪ ಕಟ್ಟಿ ಮ್ಯಾಲೆ ಕೂತಿದ್ನಂತ. "ಏನಂದ ಅಪ್ಪ?" ಅಂದೆ. "ಏನನ್ನತಾರ? ಹಸವಿ ಆಗಿತ್ತು, ಉಂಡ್ರು" ಅಂದ್ಲು.

ಆ ಪಡಸಾಲಿಯೊಳಗ ನಾನೂ ಇದ್ದೆ, ಮುಂದ ನೆಲದ ಮ್ಯಾಲೆ. ಹಿಂದ ತಿರುಗಿ ನೋಡಿದ್ದಿಲ್ಲ. ಛುಟ್ಕೀ ಮಾತು ಆಕಿ ಅಪ್ಪನ ಮುಂದ ತಗದದ್ದು ಅದಾಗಿ ಮೂರು ವರ್ಷಕ್ಕ. ನನಗ ಅವತ್ತು ಕಂಡದ್ದು ಆಕಿ ಅರ್ಧಕ್ಕ ಬಿಟ್ಟ ಮಾತು. ಆ ಅರ್ಧ ಮಾತಿಗೆ ಬಂದು ಮುಟ್ಟಲಿಕ್ಕೆ ಆಕಿ ಎಲ್ಲಿಂದ ನಡಕೋತ ಬಂದಿದ್ಲು ಅನ್ನೂದು ನಾ ನೋಡಿರಲಿಲ್ಲ. ಮಗಳ ಎಂ.ಎಸ್ಸಿಗೆ ಪುಣೆಕ್ಕ ಕಳಸೂ ಮಾತು ಬಂದಾಗ, ನಮ್ಮನ್ಯಾಗ ಎಲ್ಲಾರೂ ಬ್ಯಾಡ ಅಂದಾಗ, ನಾ ಎದ್ದು ನಿಂತು ಪೂರಾ ಮಾತಾಡಿದ್ದೆ. ಅದು ನನ್ನ ಧೈರ್ಯ ಅಂತ ತಿಳಕೊಂಡಿದ್ದೆ. ಈಗ ಅದರಾಗ ಅರ್ಧ ಯಾರದು ಅಂತ ಗೊತ್ತಾಗ್ಯದ.

ಅವ್ವಗ ಇದನ್ನೆಲ್ಲಾ ಹೇಳಲಿಕ್ಕೆ ಹೋಗಲಿಲ್ಲ. ಚಹಾ ಮಾಡಿಕೊಟ್ಟೆ. ಆಕಿ ಮೊಬೈಲು ನನ್ನ ಕೈಯಾಗ ಕೊಟ್ಟು, "ದಾದಿ ಇದ್ದದ್ದು ಇದ್ರ ಹಚ್ಚು" ಅಂದ್ಲು.

ಕುಕ್ಕರ್ ಮೂರನೇ ಸೀಟಿ ಹೊಡೀತು, ಏಳಬೇಕು. ನಿಮ್ಮ ನಿಮ್ಮ ಓಣಿಯೊಳಗ ಮೊದಲ ಟಿವಿ ಯಾರ ಮನ್ಯಾಗ ಬಂತು, ನಿಮ್ಮವ್ವ, ನಿಮ್ಮತ್ತಿ ಅಲ್ಲೆ ಎಲ್ಲಿ ಕೂಡ್ತಿದ್ರು, ಒಮ್ಮೆ ಕೇಳಿ ನೋಡ್ರಿ. ಅವರು ಇರೂದ್ರಾಗ ಕೇಳ್ರಿ.